ಪೆಟ್ರೋಲ್ ಕುಡಿದು ಕೂತ ಇಂಜಿನ್

ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಏಳಕ್ಕೇ ನನ್ನ ಫೋನ್ ಶುರು. ಅರೇಬಿಕಾ ಕುಯ್ಲಿನ ಕಾಲ. ಕಣದಲ್ಲಿ ಕಾಫಿ ಹರಡಬೇಕು, ಅಲ್ಲೇ ಕಾರು ನಿಂತಿರುತ್ತದೆ. ಮನೆಯವರು ಯಾರೋ ಸ್ಟಾರ್ಟ್ ಮಾಡಿ, ಹತ್ತು ಅಡಿ ಹಿಂದೆ ತಂದು, ಕೂಡಲೇ ಆಫ್ ಮಾಡುತ್ತಾರೆ. ಆಮೇಲೆ ಮಡಿಕೇರಿಗೆ ಹೊರಟರೆ ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಹಿಡಿಯುವುದಿಲ್ಲ.

"ಅಣ್ಣ, ನಿನ್ನೆ ತನಕ ಚೆನ್ನಾಗಿತ್ತು!"

"ಪೆಟ್ರೋಲ್ ವಾಸನೆ ಬರ್ತಿದೆಯಾ?"

"ಜೋರಾಗಿ ಬರ್ತಿದೆ."

ಹಾಗಾದರೆ ಓವರ್‌ಫ್ಲೋ, ಅಂದರೆ ಇಂಜಿನ್ ಒಳಗೆ ಪೆಟ್ರೋಲ್ ಜಾಸ್ತಿ ಆಗಿದೆ. ಹೆಚ್ಚಿನ ಸಲ ನಾನು ಬರುವ ಅಗತ್ಯವೇ ಇರುವುದಿಲ್ಲ.

ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಚಳಿಯಲ್ಲಿ ಪೆಟ್ರೋಲ್ ಬೇಗ ಆವಿಯಾಗುವುದಿಲ್ಲ. ಅದಕ್ಕೇ ತಣ್ಣಗಿನ ಇಂಜಿನ್‌ಗೆ ಜಾಸ್ತಿ ಪೆಟ್ರೋಲ್ ಕೊಡಬೇಕಾಗುತ್ತದೆ. ಹಳೆ ಕಾರಲ್ಲಿ ನಾವೇ ಚೋಕ್ ಎಳೆಯುತ್ತಿದ್ದೆವು, ಈಗ ಕಂಪ್ಯೂಟರ್ ಕೊಡುತ್ತದೆ. ಇಂಜಿನ್ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಆ ಪೆಟ್ರೋಲ್ ಪೂರ್ತಿ ಉರಿಯದೆ ಒಳಗೇ ಉಳಿದು ಪ್ಲಗ್ ನೆನೆಯುತ್ತದೆ. ನೆಂದ ಪ್ಲಗ್‌ನಲ್ಲಿ ಕಿಡಿ ಸರಿಯಾಗಿ ಹಾರುವುದಿಲ್ಲ. ಮತ್ತೆ ಸೆಲ್ಫ್ ಹೊಡೆದಷ್ಟೂ ಇನ್ನಷ್ಟು ಪೆಟ್ರೋಲ್ ಬೀಳುತ್ತದೆ.

ಈಗ ಮಾಡಬೇಕಾದ್ದು ನೋಡಿ. ಕಾರು ಬಯಲಲ್ಲಿರಲಿ, ಬೀಡಿ ಸಿಗರೇಟು ದೂರ ಇರಲಿ. ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಚೋಕ್ ಇದ್ದರೆ ಪೂರ್ತಿ ಒಳಗೆ ತಳ್ಳಿ. ಆಕ್ಸಿಲರೇಟರ್ ಅನ್ನು ತಳ ಮುಟ್ಟುವ ತನಕ ಒತ್ತಿ ಹಿಡಿಯಿರಿ. ಹಿಡಿಯಿರಿ ಅಂದೆ, ಪಂಪ್ ಮಾಡಿ ಅನ್ನಲಿಲ್ಲ! ಹಳೆ ಕಾರಿನ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇಂಜಿನ್‌ನಲ್ಲಿ ಪ್ರತಿ ಪಂಪ್‌ಗೂ ಒಂದು ಚಿಟಿಕೆ ಪೆಟ್ರೋಲ್ ಚಿಮ್ಮುತ್ತದೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ಜಾಸ್ತಿ ಬೈದಿರುವುದು ಈ ಪಂಪ್ ಮಾಡುವ ಕಾಲಿಗೇ. ಒತ್ತಿ ಹಿಡಿದರೆ ಗಾಳಿಯ ಬಾಗಿಲು ಪೂರ್ತಿ ತೆರೆಯುತ್ತದೆ. ಕಂಪ್ಯೂಟರೇ ಪೆಟ್ರೋಲ್ ಅಳೆದು ಕೊಡುವ ಹೆಚ್ಚಿನ ಇಂಜೆಕ್ಷನ್ ಕಾರುಗಳಲ್ಲಿ ಇನ್ನೂ ಒಂದು ಲಾಭ ಇದೆ. ಕಾಲು ತಳದಲ್ಲಿರುವಾಗ ಸೆಲ್ಫ್ ಹೊಡೆದರೆ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ. ಒಳಗೆ ಹೋಗುವುದು ಬರೀ ಗಾಳಿ.

ಹಾಗೇ ಹಿಡಿದು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ, ಅರ್ಧ ನಿಮಿಷ ಬಿಡಿ. ಇಲ್ಲದಿದ್ದರೆ ಸೆಲ್ಫ್ ಮೋಟಾರ್ ಸುಡುತ್ತದೆ, ಬ್ಯಾಟರಿಯೂ ಮಲಗುತ್ತದೆ. ಎರಡು ಮೂರು ಸಲಕ್ಕೆ ಇಂಜಿನ್ ಕೆಮ್ಮುತ್ತಾ ಹಿಡಿಯುತ್ತದೆ. ಹಿಡಿದ ತಕ್ಷಣ ಕಾಲು ತೆಗೆಯಿರಿ, ಇಲ್ಲದಿದ್ದರೆ ಪೂರ್ತಿ ರೇಸ್‌ನಲ್ಲಿ ಕಿರುಚುತ್ತದೆ. ಸ್ವಲ್ಪ ಕಪ್ಪು ಹೊಗೆ ಬಂದರೆ ಗಾಬರಿ ಬೇಡ.

ಹಿಡಿಯಲಿಲ್ಲವಾ? ಬಾನೆಟ್ ಎತ್ತಿ ಅರ್ಧ ಗಂಟೆ ಬಿಟ್ಟು ಕಾಫಿ ಕುಡಿದು ಬನ್ನಿ. ಆಮೇಲೂ ಆಗದಿದ್ದರೆ ಪ್ಲಗ್ ಬಿಚ್ಚಿ ಒರೆಸಿ ಒಣಗಿಸಬೇಕು. ಯಾವ ವೈರ್ ಯಾವ ಪ್ಲಗ್‌ಗೆ ಅಂತ ಗುರುತು ಹಾಕಿಕೊಳ್ಳಿ. ಒಬ್ಬರು ಪೆಟ್ರೋಲ್ ತೊಟ್ಟಿಕ್ಕುವ ಪ್ಲಗ್ಗನ್ನು ಗ್ಯಾಸ್ ಒಲೆ ಮೇಲೆ ಇಡಲು ಹೊರಟಿದ್ದರು, ಪುಣ್ಯಕ್ಕೆ ನಾನು ಅಲ್ಲೇ ಇದ್ದೆ. ಹೀಗೆ ತುಂಬಾ ಹೊತ್ತು ಒದ್ದಾಡಿದ್ದರೆ ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ ಆಯಿಲ್ ಬದಲಿಸಿ.

ಇಳಿಜಾರು ಇದೆಯಲ್ಲ ಅಂತ ತಳ್ಳಿ ಸ್ಟಾರ್ಟ್ ಮಾಡುವುದು ನಮ್ಮ ಕೊಡಗಿನವರಿಗೆ ಅಭ್ಯಾಸ. ಈಗಿನ ಕಾರಿಗೆ ಬೇಡ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಯ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಹಾಳು ಮಾಡುತ್ತದೆ. ಅದರ ಬೆಲೆ ಕೇಳಿದರೆ ಆ ಸಲದ ಕಾಳುಮೆಣಸಿನ ದುಡ್ಡು ನೆನಪಾಗುತ್ತದೆ.

ಕಾರು ಹತ್ತು ಅಡಿ ಸರಿಸದೆಯೂ ಮತ್ತೆ ಮತ್ತೆ ಹೀಗಾದರೆ ಕಾರಣ ಬೇರೆ. ಹಳೆ ಮಾರುತಿ 800ರಲ್ಲಾದರೆ ಕಾರ್ಬ್ಯುರೇಟರ್‌ಗೆ ಬರುವ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿಗೆ ಕಸ ಸಿಕ್ಕಿರಬಹುದು. ಇನ್ನೊಂದು, ಮಂಗಳೂರಲ್ಲಿ ಟ್ಯೂನ್ ಮಾಡಿಸಿ ತಂದ ಕಾರ್ಬ್ಯುರೇಟರ್. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ. ಇಲ್ಲಿ ಗಾಳಿ ತೆಳು, ಅದೇ ಟ್ಯೂನಿಂಗ್‌ಗೆ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಕರಿ ಕಟ್ಟುತ್ತದೆ. ಇಂಜೆಕ್ಷನ್ ಕಾರಲ್ಲಿ ನನ್ನ ಮೊದಲ ಅನುಮಾನ ಟೆಂಪರೇಚರ್ ಸೆನ್ಸರ್ ಮೇಲೆ. ಅದು ಸುಳ್ಳು ಹೇಳಿದರೆ ಬಿಸಿ ಇಂಜಿನ್‌ಗೂ ಚಳಿಯ ಲೆಕ್ಕದಲ್ಲೇ ಪೆಟ್ರೋಲ್ ಬೀಳುತ್ತದೆ. ಡೀಸೆಲ್ ಜೀಪಿನವರಿಗೆ ಈ ಕಥೆಯೇ ಇಲ್ಲ, ಅಲ್ಲಿ ಪ್ಲಗ್‌ನ ಕಿಡಿಯೇ ಇಲ್ಲವಲ್ಲ.

ಮಳೆಗಾಲದ ಫೋನ್ ಮಾತ್ರ ಬೇರೆ. ಭಾಗಮಂಡಲದ ಸಂಗಮದ ಹತ್ತಿರ ರಸ್ತೆ ಮೇಲೆ ನೀರು ಬಂದಾಗ ನುಗ್ಗಿಸಿ ಹೋಗಿ, ನೀರಲ್ಲೇ ಆಫ್ ಆದ ಕಾರು. ಇಲ್ಲಿ ಮೇಲೆ ಹೇಳಿದ್ದು ಯಾವುದೂ ಮಾಡಬೇಡಿ. ಡೀಸೆಲ್ ಜೀಪಾದರೂ ಇದೇ ಮಾತು. ಇಂಜಿನ್ ಒಳಗೇ ನೀರು ಹೊಕ್ಕಿರಬಹುದು. ಪಿಸ್ಟನ್ ಗಾಳಿಯನ್ನು ಒತ್ತಬಲ್ಲದು, ನೀರನ್ನು ಒತ್ತಲಾರದು. ಸೆಲ್ಫ್ ಹೊಡೆದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗಬಹುದು. 2018ರ ಆಗಸ್ಟ್ ಮಳೆಯಲ್ಲಿ ನನ್ನ ಶೆಡ್ಡಿಗೆ ಬಂದ ಒಂದು ಕಾರು ನೀರಿಂದ ಹಾಳಾಗಿರಲಿಲ್ಲ, "ಒಂದ್ಸಲ ನೋಡೋಣ" ಅಂತ ಕೀ ತಿರುಗಿಸಿದ್ದರಿಂದ ಹಾಳಾಗಿತ್ತು. ಕೀ ಮುಟ್ಟಬೇಡಿ, ಬ್ಯಾಟರಿ ವೈರ್ ತೆಗೆಯಿರಿ, ಎಳೆಸಿಕೊಂಡು ಬನ್ನಿ.

ಕಣದ ಕಾರಿಗೆ ನನ್ನ ಗಿರಾಕಿಯೊಬ್ಬರೇ ಉಪಾಯ ಕಂಡುಕೊಂಡಿದ್ದಾರೆ. ಸಂಜೆ ಪೇಟೆಯಿಂದ ಬಂದಾಗಲೇ, ಇಂಜಿನ್ ಬಿಸಿ ಇರುವಾಗ, ಕಣ ಬಿಟ್ಟು ಹಲಸಿನ ಮರದ ಕೆಳಗೆ ನಿಲ್ಲಿಸುತ್ತಾರೆ. ಎರಡು ಕುಯ್ಲು ಆಯಿತು, ಬೆಳಿಗ್ಗೆ ಏಳಕ್ಕೆ ಅವರ ಫೋನ್ ಬಂದಿಲ್ಲ.