ಉವಾಸ್ ಕ್ಯಾನ್ಯನ್: ಇಷ್ಟು ಚಿಕ್ಕ ಜಾಗಕ್ಕೆ ಇಷ್ಟೊಂದು ನಿಯಮ ಯಾಕೆ?

ಪ್ರಶ್ನೆ: ಮಳೆ ಬಂದ ಮೇಲೆ ಮಕ್ಕಳ ಜೊತೆ ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್ ಊರಿನ ಹತ್ತಿರದ ಉವಾಸ್ ಕ್ಯಾನ್ಯನ್ ಕೌಂಟಿ ಪಾರ್ಕಿಗೆ ಹೋಗಬೇಕು ಅಂತಿದ್ದೀವಿ. ಪಾರ್ಕಿಂಗ್ ಬುಕ್ ಮಾಡಬೇಕು, ದಾರಿ ಬಿಡಬಾರದು, ಎಲೆ ಕೀಳಬಾರದು ಅಂತಾರೆ. ಹಳ್ಳಿ ಕಡೆಯ ಪಾರ್ಕಿಗೆ ಇಷ್ಟೆಲ್ಲಾ ಬೇಕಾ?

ಉತ್ತರ: ಬೇಕು. ನಕ್ಷೆಯಲ್ಲಿ ಈ ಪಾರ್ಕು 1,100 ಎಕರೆ ದಾಟುತ್ತದೆ, ನಿಜ. ಆದರೆ ಹೆಚ್ಚಿನವರು ಬರುವುದು ಜಲಪಾತಗಳನ್ನು ತೋರಿಸುವ, ಸುಮಾರು ಒಂದು ಮೈಲಿಯ ವಾಟರ್‌ಫಾಲ್ ಲೂಪ್ ಎಂಬ ಕಾಲುದಾರಿ ಸುತ್ತೋದಕ್ಕೆ. ಕಾರಿನಲ್ಲಿ ಬರಲು ಇರುವುದು ಕ್ರಾಯ್ ರೋಡ್ ಒಂದೇ. ಇಕ್ಕಟ್ಟಾದ ರಸ್ತೆ, ತಿರುವುಗಳು ಬೇರೆ. ಪಾರ್ಕ್ ಸಿಗುವ ಮೊದಲು ಅದು ಸ್ವಿಯಾಡಾಲ್ ಎಂಬ ಖಾಸಗಿ ವಸತಿಯ ನಡುವೆಯೇ ಹಾಯುತ್ತದೆ. ಸ್ವೀಡನ್ ಮೂಲದವರು ಸುಮಾರು ನೂರು ವರ್ಷದಿಂದ ಇಟ್ಟುಕೊಂಡಿರುವ ಜಾಗ ಅದು. ಒಳಗೆ ಜಾಗ ಇಲ್ಲದೆ ಕಾರುಗಳು ಸಾಲುಗಟ್ಟಿದರೆ ತೊಂದರೆ ಅವರಿಗೆ. ಹಾಗಾಗಿ ಕೌಂಟಿಯ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿ. ಕಣಿವೆಯಲ್ಲಿ ಫೋನ್ ಸಿಗ್ನಲ್ ನಂಬಬೇಡಿ, ಪ್ರಿಂಟ್ ಅಥವಾ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ.

ಎಲೆಯ ವಿಷಯಕ್ಕೆ ಬರೋಣ. ಇಲ್ಲಿ ಬೇ ಲಾರೆಲ್ ಮರಗಳು ಜಾಸ್ತಿ. ಎಲೆ ಹಿಸುಕಿದರೆ ಘಮ್ಮೆನ್ನುತ್ತದೆ, ಪಲಾವಿಗೆ ಆಗುತ್ತೆ ಅಂತ ಜೇಬಿಗಿಳಿಸುವ ಆಸೆ ಯಾರಿಗಾದರೂ ಬರುತ್ತದೆ. ಬೇಡ. ಕ್ಯಾಲಿಫೋರ್ನಿಯಾದ ಓಕ್ ಮರಗಳನ್ನು ಕೊಲ್ಲುತ್ತಿರುವ 'ಸಡನ್ ಓಕ್ ಡೆತ್' ರೋಗ ಬೆಳೆಯುವುದೇ ಈ ಎಲೆಗಳ ಮೇಲೆ. ಬೇ ಮರಕ್ಕೆ ಅದರಿಂದ ದೊಡ್ಡ ಹಾನಿ ಇಲ್ಲ, ಸಾಯುವುದು ಪಕ್ಕದ ಓಕ್. ರೋಗಾಣುವಿನ ಹೆಸರು ಫೈಟಾಫ್ತೊರಾ ರಮೋರಮ್. ಮಲೆನಾಡಿನ ಅಡಿಕೆ ತೋಟದವರಿಗೆ ಈ ಕುಲ ಹೊಸದೇನಲ್ಲ. ಕೊಳೆರೋಗ ತರುವುದೂ ಫೈಟಾಫ್ತೊರಾನೇ, ಬೋರ್ಡೋ ದ್ರಾವಣ ಹೊಡೆಯುವುದು ಅದಕ್ಕೇ ಅಲ್ವಾ? ಓಕ್ ರೋಗವೂ ಮಳೆ ಹನಿಯಲ್ಲೇ ಹರಡುತ್ತದೆ. ಬೂಟಿನ ಕೆಸರಲ್ಲೂ ಊರೂರು ಸುತ್ತುತ್ತದೆ. ಜಲಪಾತ ಚೆನ್ನಾಗಿ ಧುಮುಕುವುದೂ ಅದೇ ಮಳೆ ತಿಂಗಳುಗಳಲ್ಲಿ! ಹಾಗಾಗಿ ಹೊರಡುವಾಗ ಕಾರಿನ ಹತ್ತಿರವೇ ಬೂಟಿನ ಕೆಸರು ಕೆರೆದು ತೆಗೆಯಿರಿ. ಸೌದೆಯನ್ನು ಒಳಗೂ ತರಬೇಡಿ, ಹೊರಗೂ ಒಯ್ಯಬೇಡಿ.

ತೊರೆಯ ಬಳಿ ಕಿತ್ತಳೆ ಹೊಟ್ಟೆಯ ನ್ಯೂಟ್ (ಹಲ್ಲಿಯಂತೆ ಕಾಣುವ, ಕಪ್ಪೆಯ ಬಳಗದ ಉಭಯಚರ) ಕಂಡರೆ ಮಕ್ಕಳು ಎತ್ತಿಕೊಳ್ಳದಂತೆ ನೋಡಿಕೊಳ್ಳಿ. ಅದರ ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಇದೆ, ಪಫರ್ ಮೀನಿನಲ್ಲಿರುವ ವಿಷವೇ.

ಇನ್ನು, ದಾರಿ ಬಿಡಬಾರದು ಅನ್ನೋದಕ್ಕೆ ಕಾರಣ ಪಾಯ್ಸನ್ ಓಕ್. ಹೆಸರು ಓಕ್, ಆದರೆ ಮಾವು, ಗೇರಿನ ಕುಟುಂಬದ ಗಿಡ. ಒಂದು ತೊಟ್ಟಿಗೆ ಮೂರು ಎಲೆ. ಚಳಿಗಾಲದಲ್ಲಿ ಎಲೆ ಉದುರಿ ಬರೀ ಕಡ್ಡಿ ಉಳಿದಿರುತ್ತದೆ, ಆ ಕಡ್ಡಿ ತಾಗಿದರೂ ಬೊಬ್ಬೆ ಏಳುತ್ತದೆ. ನಾಯಿ ಕರೆದುಕೊಂಡು ಹೋಗುವವರು ಅದನ್ನು 6 ಅಡಿ ಹಗ್ಗದಲ್ಲೇ ಹಿಡಿದಿರಬೇಕು. ಪೊದೆಗೆ ನುಗ್ಗಿದರೆ ಗಿಡದ ಎಣ್ಣೆ ಕೂದಲಿಗೆ ಅಂಟುತ್ತದೆ. ನಾಯಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಮನೆಗೆ ಬಂದು ಅದನ್ನು ಮುದ್ದಾಡಿದವರಿಗೆ ತುರಿಕೆ.