ಕಾರ್ಣಿಕ ಕೇಳುವವರು ಹವಾಮಾನ ವರದಿಯನ್ನೂ ನಂಬಬೇಕಾ?

ಪ್ರಶ್ನೆ: ನಮ್ಮದು ರಾಣೆಬೆನ್ನೂರು ಕಡೆಯ ಒಕ್ಕಲುತನದ ಮನೆ. ಪ್ರತಿ ವರ್ಷ ದಸರೆಗೆ ದೇವರಗುಡ್ಡದ ಮೈಲಾರಲಿಂಗನ ಗುಡಿಗೆ ಹೋಗಿ, ಬರುವ ವರ್ಷದ ಬಗ್ಗೆ ದೇವರ ಹೆಸರಿನಲ್ಲಿ ನುಡಿಯುವ ಕಾರ್ಣಿಕ ಕೇಳುತ್ತೇವೆ. ಹವಾಮಾನ ಇಲಾಖೆಯವರು ಒಳ್ಳೆ ಮಳೆ ಅಂತ ಹೇಳಿದ ವರ್ಷವೇ ಬರ ಬಂದದ್ದನ್ನೂ ನೋಡಿದ್ದೇವೆ. ವಿಜ್ಞಾನಿಗಳು ಇವತ್ತು ಒಂದು ಹೇಳುತ್ತಾರೆ, ನಾಳೆ ಇನ್ನೊಂದು. ದೇವರನ್ನು ನಂಬಿದ ನಾವು ಅವರ ಮಾತನ್ನು ಯಾಕೆ ನಂಬಬೇಕು? ನನ್ನ ತಮ್ಮನ ಮಗನದು ಇನ್ನೊಂದು ಕತೆ. ಅವನು ದೇವರನ್ನೂ ನಂಬುವುದಿಲ್ಲ, ಡಾಕ್ಟರ್ ಮಾತನ್ನೂ ನಂಬುವುದಿಲ್ಲ. ಅವನಿಗೆ ಏನು ಹೇಳಲಿ?

ಉತ್ತರ: ಈ ಪ್ರಶ್ನೆ ಹುಬ್ಬಳ್ಳಿ, ಗದಗ ಕಡೆಯಿಂದಲೂ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ವಿಜ್ಞಾನಿಗಳ ಮಾತು ನಂಬಲು ನೀವು ಮೈಲಾರಲಿಂಗನನ್ನು ಬಿಡಬೇಕಿಲ್ಲ. ನಿಮ್ಮ ತಮ್ಮನ ಮಗ ಗುಡಿಗೆ ಬರಬೇಕು ಅಂತಲೂ ಇಲ್ಲ. ಯಾರೇ ಏನೇ ಹೇಳಲಿ, ಇಬ್ಬರೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಮಾತು ತಪ್ಪಾಗಿದ್ದರೆ ಅದು ಹೇಗೆ ಗೊತ್ತಾಗುತ್ತದೆ? ಅದನ್ನು ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರಾ? ಹಾಗೆ ಪರೀಕ್ಷೆಗೆ ಸಿಕ್ಕು ಉಳಿದ ಮಾತನ್ನು ಹೆಚ್ಚು ನಂಬಬಹುದು. ಪರೀಕ್ಷೆಗೇ ಸಿಗದ ಮಾತಿನ ಮೇಲೆ ಹೊಲ, ಹಣ, ಜೀವ ಇಡಬಾರದು.

ನಮ್ಮ ಕಡೆಯ ಹಿರಿಯರಿಗೆ 1980ರ ಫೆಬ್ರುವರಿ 16 ನೆನಪಿರುತ್ತದೆ. ಅವತ್ತು ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಹುಬ್ಬಳ್ಳಿ, ಗದಗ ಸುತ್ತಮುತ್ತ ಹಗಲಲ್ಲೇ ಕತ್ತಲಾಯಿತು. ಸಂಪೂರ್ಣ ಸೂರ್ಯಗ್ರಹಣ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಮೊದಲೇ ಬಂದು ಹುಬ್ಬಳ್ಳಿ ಹತ್ತಿರದ ಹೊಸೂರಿನಲ್ಲಿ, ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ದುರ್ಬೀನು ಕಟ್ಟಿ ಕಾದಿದ್ದರು. ಎಲ್ಲಿ ನಿಂತರೆ ಪೂರ್ತಿ ಕಾಣುತ್ತದೆ, ಎಷ್ಟು ಹೊತ್ತು ಕಾಣುತ್ತದೆ ಅನ್ನುವುದು ಲೆಕ್ಕದಲ್ಲಿ ಮೊದಲೇ ಗೊತ್ತಿತ್ತು. ಪಂಚಾಂಗದಲ್ಲೂ ಗ್ರಹಣದ ದಿನ, ಹೊತ್ತು ಬರೆದಿರುತ್ತದೆ, ಅದೂ ಲೆಕ್ಕ ಹಾಕಿಯೇ. ಲೆಕ್ಕ ತಪ್ಪಿದರೆ ಊರಿಗೆ ಊರೇ ನೋಡುತ್ತದೆ. ಹಾಗಾಗಿ ಗ್ರಹಣದ ಹೊತ್ತಿನ ವಿಷಯದಲ್ಲಿ ಪಂಚಾಂಗ ಓದುವ ಅಜ್ಜನಿಗೂ ಖಗೋಳ ವಿಜ್ಞಾನಿಗೂ ಜಗಳವೇ ಇಲ್ಲ. 2031ರ ಮೇ 21ರಂದು ಕೇರಳ, ತಮಿಳುನಾಡಿನ ಮೇಲೆ ಕಂಕಣ ಸೂರ್ಯಗ್ರಹಣ ಹಾದು ಹೋಗುತ್ತದೆ, ನಮ್ಮ ಕಡೆ ಸೂರ್ಯನ ಒಂದು ಭಾಗ ಮುಚ್ಚುತ್ತದೆ. ಬರೆದಿಟ್ಟುಕೊಳ್ಳಿ, ಅವತ್ತು ನೋಡಿ.

ಆದರೆ ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದರೆ ಮಗುವಿಗೆ ಊನವಾಗುತ್ತದೆ ಅನ್ನುವ ಮಾತೂ ಅದೇ ಗ್ರಹಣದ ಜೊತೆಗೇ ಬರುತ್ತದೆ. ಗ್ರಹಣದಿಂದ ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕಾಗುತ್ತದೆ ಅನ್ನಲು ಯಾವ ಪುರಾವೆಯೂ ಇಲ್ಲ. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದು ಅನ್ನುವುದು ಮಾತ್ರ ನಿಜ. ಕಣ್ಣಿನ ಒಳಪದರ ಸುಟ್ಟು ದೃಷ್ಟಿಯೇ ಹೋಗಬಹುದು. ಒಂದೇ ಬಾಯಿಂದ ಬಂದ ಮೂರು ಮಾತು. ಎರಡು ನಿಂತವು, ಒಂದು ನಿಲ್ಲಲಿಲ್ಲ. ಹೇಳಿದವರು ಹಿರಿಯರೋ ವಿಜ್ಞಾನಿಯೋ ಅಂತ ನೋಡಿ ಎಲ್ಲವನ್ನೂ ಒಟ್ಟಿಗೆ ನಂಬುವುದು, ಇಲ್ಲವೇ ಒಟ್ಟಿಗೆ ತಳ್ಳಿಹಾಕುವುದು ಎರಡೂ ಸರಿಯಲ್ಲ.

ಈಗ ಮಳೆಗೆ ಬರೋಣ. 2023ರ ಏಪ್ರಿಲ್‌ನಲ್ಲಿ ಭಾರತೀಯ ಹವಾಮಾನ ಇಲಾಖೆ ಆ ವರ್ಷ ಮುಂಗಾರು ವಾಡಿಕೆಯ 96 ಪ್ರತಿಶತ ಆಗಬಹುದು, ಐದು ಪ್ರತಿಶತ ಅತ್ತಿತ್ತ ಆಗಬಹುದು ಅಂತ ಹೇಳಿತ್ತು. ಕೊನೆಗೆ ಆದದ್ದು 94 ಪ್ರತಿಶತ. ಅಂದರೆ ಮಾತು ನಿಂತಿತು. ಆದರೆ ಅದೇ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರ ಘೋಷಿಸಬೇಕಾಯಿತು. ಇಲಾಖೆ ಹೇಳಿದ್ದು ಇಡೀ ದೇಶದ ನಾಲ್ಕು ತಿಂಗಳ ಒಟ್ಟು ಮಳೆಯ ಲೆಕ್ಕ. ನಾವು ಕೇಳಿಸಿಕೊಂಡದ್ದು ನಮ್ಮ ಹೊಲಕ್ಕೆ ಮಳೆ ಬರುತ್ತದೆ ಅಂತ. ಇದರಲ್ಲಿ ರೈತರ ತಪ್ಪೇನೂ ಇಲ್ಲ. ಟಿವಿಯವರು "ಈ ಸಲ ವಾಡಿಕೆ ಮಳೆ" ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ, ಆ ಅಂಕಿ ಯಾವುದರದು ಅಂತ ಬಿಡಿಸಿ ಹೇಳುವುದಿಲ್ಲ. ಬಿತ್ತನೆಗೆ, ಔಷಧಿ ಹೊಡೆಯಲು, ರಾಶಿ ಮಾಡಲು ನಿಮಗೆ ಬೇಕಾದದ್ದು ಆ ಅಂಕಿಯಲ್ಲ. ಮಂಗಳವಾರ, ಶುಕ್ರವಾರ ಬರುವ ಐದು ದಿನದ ಕೃಷಿ ಹವಾಮಾನ ಸಲಹೆ ಬೇಕು. ನಮ್ಮ ಭಾಗಕ್ಕೆ ಅದನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದ ಕೊಡುತ್ತಾರೆ. ಅದೂ ಕೆಲವು ಸಲ ತಪ್ಪುತ್ತದೆ. ನಾಳಿನ ಮಾತು ಹೆಚ್ಚು ನಿಲ್ಲುತ್ತದೆ, ಐದನೆಯ ದಿನದ ಮಾತು ಕಡಿಮೆ. ಒಂದು ಮಳೆಗಾಲ ಪೂರ್ತಿ ಕ್ಯಾಲೆಂಡರಿನಲ್ಲಿ ಹೇಳಿದ್ದನ್ನೂ ಆದದ್ದನ್ನೂ ಗುರುತು ಹಾಕಿ ನೋಡಿ. ಎಷ್ಟು ನಂಬಬೇಕು ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಕಾರ್ಣಿಕವನ್ನು ಹೀಗೆ ಗುರುತು ಹಾಕಿ ನೋಡಲು ಬರುವುದಿಲ್ಲ. ಕಾರ್ಣಿಕ ನುಡಿಯುವ ಗೊರವಯ್ಯ ಉಪವಾಸವಿದ್ದು, ಎತ್ತರದ ಬಿಲ್ಲು ಏರಿ, "ಸದ್ದಲೇ" ಅಂದಾಗ ಅಷ್ಟು ದೊಡ್ಡ ಜನಸಾಗರ ಮೌನವಾಗುತ್ತದಲ್ಲ, ಅದರ ಮುಂದೆ ನನಗೂ ತಲೆ ಬಾಗುತ್ತದೆ. ಆದರೆ ಅವರು ನುಡಿಯುವುದು ಒಂದೇ ಸಾಲು, ಅದೂ ಒಗಟಿನ ಹಾಗೆ. ಒಬ್ಬರು ಅದರಲ್ಲಿ ಮಳೆ ಕಾಣುತ್ತಾರೆ, ಇನ್ನೊಬ್ಬರು ರಾಜಕಾರಣ ಕಾಣುತ್ತಾರೆ. ಬೆಳೆ ಬಂದರೂ ಅರ್ಥ ಹೊಂದುತ್ತದೆ, ಒಣಗಿದರೂ ಹೊಂದುತ್ತದೆ. ಎಂಥ ವರ್ಷ ಬಂದರೆ ಆ ನುಡಿ ಸುಳ್ಳಾಗುತ್ತಿತ್ತು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಹಿಂಗಾರಿಯ ಮೊದಲು ಊರೆಲ್ಲ ಒಂದು ಕಡೆ ಸೇರಿ ಬರುವ ವರ್ಷದ ಬಗ್ಗೆ ದೇವರ ಮುಂದೆ ನಿಲ್ಲುವುದಕ್ಕೆ ಅದರದೇ ಬೆಲೆ ಇದೆ. ಬೆಳೆ ಸಾಲ ಎಷ್ಟು ತೆಗೆಯಬೇಕು ಅನ್ನುವುದನ್ನು ಮಾತ್ರ ಅದರ ಮೇಲೆ ತೀರ್ಮಾನ ಮಾಡಬೇಡಿ.

ಹಳೆಯದೆಲ್ಲ ಹೀಗೇ ಅಂತ ತಿಳಿಯಬೇಡಿ. "ರೋಹಿಣಿ ಮಳೆ ಆದರೆ ಓಣಿಯೆಲ್ಲಾ ಜೋಳ" ಅನ್ನುವ ಗಾದೆ ಪರೀಕ್ಷೆಗೆ ಸಿಗುತ್ತದೆ. ಮುಂಗಾರಿ ಬಿತ್ತನೆಗೆ ಹದ ಯಾವಾಗ ಬಂದರೆ ಪೈರು ಚೆನ್ನಾಗಿ ಬರುತ್ತದೆ ಅನ್ನುವುದನ್ನು ತಲೆಮಾರುಗಳ ಒಕ್ಕಲಿಗರು ಹೊಲದಲ್ಲಿ ನೋಡಿ ಹೇಳಿದ ಮಾತು ಅದು. ವಿಜ್ಞಾನಕ್ಕೆ ಅದು ಹೊರಗಿನದಲ್ಲ.

ಇನ್ನು ವಿಜ್ಞಾನಿಗಳ ಮಾತು ಬದಲಾಗುತ್ತದೆ ಅನ್ನುವ ದೂರು. ಹೌದು, ಬದಲಾಗುತ್ತದೆ. 2020ರಲ್ಲಿ ಕೊರೊನಾದಿಂದ ಗುಣವಾದವರ ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಥ ಭಾಗ, ಕೊಟ್ಟರೆ ರೋಗಿ ಬದುಕುತ್ತಾನೆ ಅಂತ ಎಲ್ಲೆಡೆ ನಂಬಿಕೆ ಇತ್ತು. ಪ್ಲಾಸ್ಮಾ ಕೊಡುವವರಿಗಾಗಿ ಮನೆಮಂದಿ ರಾತ್ರಿಯೆಲ್ಲಾ ಫೋನ್ ಹಚ್ಚುತ್ತಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 464 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿತು. ಪ್ಲಾಸ್ಮಾ ಕೊಟ್ಟವರಲ್ಲಿ 19 ಪ್ರತಿಶತ ಜನರಿಗೆ ರೋಗ ಉಲ್ಬಣವಾಯಿತು, ಇಲ್ಲವೇ ಅವರು ತೀರಿಕೊಂಡರು. ಕೊಡದವರಲ್ಲಿ 18 ಪ್ರತಿಶತ. ಅಂದರೆ ಉಪಯೋಗ ಕಾಣಲಿಲ್ಲ. ಇದು 2020ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. 2021ರ ಮೇ ತಿಂಗಳಲ್ಲಿ ಪ್ಲಾಸ್ಮಾವನ್ನು ಚಿಕಿತ್ಸೆಯ ಪಟ್ಟಿಯಿಂದ ತೆಗೆದರು. ಅಷ್ಟು ತಡ ಮಾಡಬಾರದಿತ್ತು, ಎರಡನೇ ಅಲೆಯಲ್ಲಿ ಎಷ್ಟೋ ಮನೆಗಳು ಸುಮ್ನೆ ಅಲೆದಾಡಿದವು. ಆದರೂ ನೋಡಿ, ಅದು ತಪ್ಪು ಅಂತ ತೋರಿಸಿದವರು ಹೊರಗಿನವರಲ್ಲ. ಅದೇ ವೈದ್ಯರು, ಅಳತೆ ಮಾಡಿ, ಅಂಕಿ ಬಯಲಿಗಿಟ್ಟು ತೋರಿಸಿದರು. ಮಾತು ಬದಲಾದದ್ದಕ್ಕೆ ಅವರ ಮೇಲಿನ ನನ್ನ ನಂಬಿಕೆ ಹೆಚ್ಚಾಗಿದೆ.

ಹತ್ತಿಯ ಕತೆ ನಿಮಗೆ ಇನ್ನೂ ಹತ್ತಿರದ್ದು. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಿಂದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಂತು, ಆಮೇಲೆ ಜಯಲಕ್ಷ್ಮಿ ಬಂತು. ಆ ತಳಿಗಳು ನಮ್ಮ ಎರಿ ಹೊಲದಲ್ಲೇ ಪರೀಕ್ಷೆಯಾದವು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಮಣ್ಣಿನ ಒಂದು ಬ್ಯಾಕ್ಟೀರಿಯಾದ ಗುಣವನ್ನು ಗಿಡಕ್ಕೆ ಸೇರಿಸಿದ್ದರಿಂದ ಕಾಯಿಕೊರಕ ಹುಳು ಗಿಡ ತಿಂದರೆ ಸಾಯುತ್ತಿತ್ತು. ಮೊದಲ ವರ್ಷಗಳಲ್ಲಿ ಅದು ಕೆಲಸ ಮಾಡಿತು ಅನ್ನುವುದು ನಿಮ್ಮ ಊರಿನವರಿಗೇ ಗೊತ್ತು. ಆದರೆ ಕೀಟಶಾಸ್ತ್ರದವರು ಶುರುವಿನಿಂದಲೇ ಒಂದು ಎಚ್ಚರಿಕೆ ಕೊಟ್ಟಿದ್ದರು: ಹೊಲದ ತುಂಬ ಬಿಟಿ ಹಾಕಿದರೆ, ವಿಷ ತಡೆದುಕೊಂಡ ಕೆಲವೇ ಹುಳುಗಳು ಉಳಿದು, ಅವುಗಳ ಸಂತತಿಯೇ ಬೆಳೆಯುತ್ತದೆ. ಹಾಗಾಗಬಾರದು ಅಂತಲೇ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಹತ್ತಿ ಬೀಜದ ಪಾಕೀಟು ಕೊಡುತ್ತಿದ್ದರು. ಹೊಲದ ಸುತ್ತ ಅದನ್ನು ಹಾಕಿದರೆ ಅಲ್ಲಿ ವಿಷಕ್ಕೆ ಸಾಯುವ ಜಾತಿಯ ಹುಳುಗಳೂ ಉಳಿಯುತ್ತವೆ, ತಡೆದುಕೊಂಡ ಹುಳುಗಳ ಜೊತೆ ಕೂಡುತ್ತವೆ, ಮುಂದಿನ ಪೀಳಿಗೆಗೂ ಬಿಟಿ ನಾಟುತ್ತದೆ. ಆ ಪಾಕೀಟನ್ನು ಎಷ್ಟು ಜನ ಬಿತ್ತಿದರು? ಹೆಚ್ಚಿನವರು ಬಿತ್ತಲಿಲ್ಲ. ಬಿತ್ತಬೇಕು ಯಾಕೆ ಅಂತ ಅವರಿಗೆ ಸರಿಯಾಗಿ ಹೇಳಿದವರೂ ಕಡಿಮೆ. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿಟಿಗೆ ಬಗ್ಗದೆ ಉಳಿದದ್ದು ಬಯಲಾಯಿತು. ಆಮೇಲೆ ಎರಡನೇ ತಲೆಮಾರಿನ ಬಿಟಿಯನ್ನೂ ಅದು ಗೆದ್ದಿತು.

ಈಗ "ಬಿಟಿ ಅಂದರೆ ಹುಳುವೇ ಬರಲ್ಲ ಅಂದರು, ವಿಜ್ಞಾನ ಸುಳ್ಳು" ಅನ್ನುವ ಸಿಟ್ಟು ಇದೆ. ಸಿಟ್ಟು ನ್ಯಾಯವಾದದ್ದೇ. ಆದರೆ ಹುಳುವೇ ಬರಲ್ಲ ಅಂತ ಹೇಳಿದ್ದು ಬೀಜ ಮಾರಲು ಬಂದವರು. ಎಚ್ಚರಿಕೆ ಕೊಟ್ಟದ್ದು ವಿಜ್ಞಾನಿಗಳು. ವಿಜ್ಞಾನದ ಹೆಸರಿನಲ್ಲಿ ಬರುವ ಪ್ರತಿ ಮಾತೂ ವಿಜ್ಞಾನಿಯದಲ್ಲ. ನಿಮ್ಮಂಥ ಭಕ್ತರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗಬೇಕು, ಯಾಕೆಂದರೆ ದೇವರ ಹೆಸರು ಹೇಳಿ ದುಡ್ಡು ಕೀಳುವವರನ್ನೂ ನೀವು ನೋಡಿದ್ದೀರಿ. ಅವರನ್ನು ನೋಡಿ ನೀವು ದೇವರನ್ನು ಬಿಡಲಿಲ್ಲ ಅಲ್ವಾ?

ಭಕ್ತಿ ಇದ್ದವರು ವಿಜ್ಞಾನ ಮಾಡಲು ಸಾಧ್ಯವೇ ಅಂತ ಕೆಲವರು ಕೇಳುತ್ತಾರೆ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ತಮ್ಮ ಸೂತ್ರಗಳು ನಾಮಗಿರಿ ದೇವಿಯ ಕೃಪೆಯಿಂದ ಬಂದವು ಅನ್ನುತ್ತಿದ್ದರು. 1913ರಲ್ಲಿ ಅವರು ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿಯವರಿಗೆ ಸೂತ್ರಗಳನ್ನು ಬರೆದು ಕಳಿಸಿದರು. ಅದರಲ್ಲಿ ಹಲವು ಗಣಿತಜ್ಞರನ್ನೇ ಬೆರಗು ಮಾಡಿದವು. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಬರೆದ ಕೆಲವು ತಪ್ಪಾಗಿದ್ದವು. ಭಕ್ತ ಒಬ್ಬರೇ, ದೇವಿಯೂ ಒಬ್ಬಳೇ. ಯಾವುದು ಸರಿ, ಯಾವುದು ತಪ್ಪು ಅನ್ನುವುದನ್ನು ಬೇರೆಯವರು ಕೂತು ಸಾಧಿಸಿ ನೋಡಿದ ಮೇಲೆಯೇ ತಿಳಿಯಿತು. ವಿಚಾರ ಎಲ್ಲಿಂದಲಾದರೂ ಬರಲಿ, ವಿಜ್ಞಾನ ಅದನ್ನು ತಡೆಯುವುದಿಲ್ಲ. ಬಂದ ಮೇಲೆ ಪರೀಕ್ಷೆ ಮಾಡುತ್ತದೆ, ಅಷ್ಟೇ.

ನಿಮ್ಮ ತಮ್ಮನ ಮಗನಿಗೆ ಹೇಳಬೇಕಾದದ್ದು ಇಷ್ಟು. ಪ್ರಶ್ನೆ ಮಾಡುವುದು ಒಳ್ಳೆಯದು, ಆದರೆ ಉತ್ತರ ಬಂದ ಮೇಲೆ ಅದನ್ನು ಪರೀಕ್ಷಿಸುವ ಕೆಲಸವೂ ಇದೆ. ಲಸಿಕೆ ಬೇಡ, ಸಕ್ಕರೆ ಕಾಯಿಲೆ ಗುಳಿಗೆ ಬೇಡ ಅಂತ ಮೊಬೈಲಿನಲ್ಲಿ ಬಂದ ವಿಡಿಯೊ ನೋಡಿ ಹೇಳುವವನು ಸಂಶಯ ಪಡುತ್ತಿಲ್ಲ, ಆ ವಿಡಿಯೊದವನನ್ನು ನಂಬುತ್ತಿದ್ದಾನೆ. ಡಾಕ್ಟರಿಗೆ ಕೇಳುವ ಪ್ರಶ್ನೆಯನ್ನೇ ಆ ವಿಡಿಯೊದವನಿಗೂ ಕೇಳು ಅಂತ ಹೇಳಿ: ಎಷ್ಟು ಜನರ ಮೇಲೆ ನೋಡಿದ್ದೀರಿ, ಗುಳಿಗೆ ತೆಗೆದುಕೊಂಡವರ ಜೊತೆ ಹೋಲಿಸಿದ್ದೀರಾ, ನಿಮ್ಮ ಮಾತು ತಪ್ಪಾದರೆ ಹೊಣೆ ಯಾರದು? ಗುಳಿಗೆ ಬಿಡುವ ಮೊದಲು ಇದನ್ನು ಕೇಳಲಿ, ಬಿಟ್ಟ ಮೇಲೆ ಅಲ್ಲ.

ಬರುವ ಹಂಗಾಮಿಗೆ ಯಾರಾದರೂ ಹೊಸ ಬೀಜವನ್ನೋ ಔಷಧಿಯನ್ನೋ "ವೈಜ್ಞಾನಿಕ" ಅಂತ ತಂದರೆ, ಯಾವ ತಾಲ್ಲೂಕಿನಲ್ಲಿ, ಎಂಥ ಮಣ್ಣಿನಲ್ಲಿ, ಎಷ್ಟು ಹಂಗಾಮು ಪ್ರಯೋಗ ಮಾಡಿದ್ದೀರಿ ಅಂತ ಕೇಳಿ. ಉತ್ತರವನ್ನು ಬರೆದುಕೊಂಡು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಗದಗಿನವರಿಗೆ ಹುಲಕೋಟಿಯ ಕೇಂದ್ರವಿದೆ, ಧಾರವಾಡದವರಿಗೆ ಸೈದಾಪುರದ್ದಿದೆ. ಅಲ್ಲಿಯವರು ಒಳ್ಳೆಯದು ಅಂದರೂ ಮೊದಲ ವರ್ಷ ಹೊಲದ ಒಂದು ಮೂಲೆಯಲ್ಲಿ ಮಾತ್ರ ಹಾಕಿ ನೋಡಿ.