ಬೊನೇರ್ ಅಥವಾ ಕೊಜುಮೆಲ್: ನೀರಿನಡಿಯಲ್ಲಿ ನಿರ್ಧಾರ ಯಾರದು?

ಮುರುಡೇಶ್ವರದಿಂದ ದೋಣಿ ಹತ್ತಿ ಹೋಗಿ ನೇತ್ರಾಣಿಯ ಸುತ್ತಲಿನ ನೀರಿನಲ್ಲಿ ಸ್ಕೂಬಾ ಕಲಿತವರಲ್ಲಿ ಹಲವರು ನೌಕರಿಗಾಗಿ ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿಂದ ಕೆರಿಬಿಯನ್ ಸಮುದ್ರ ಕೆಲವೇ ಗಂಟೆಗಳ ವಿಮಾನ ಪ್ರಯಾಣದಷ್ಟು ಹತ್ತಿರವಿರುವುದರಿಂದ, ಒಂದು ವಾರದ ರಜೆ ಕೂಡಿಸಿಕೊಂಡವರು ತರಬೇತುದಾರರಾದ ನಮ್ಮನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಬೊನೇರ್‌ಗೆ ಹೋಗುವುದೋ, ಕೊಜುಮೆಲ್‌ಗೋ? ಯಾವ ದ್ವೀಪದ ಹವಳ ಹೆಚ್ಚು ಚೆಂದ ಎಂಬುದು ಅವರ ಕೇಳಿಕೆಯಾದರೂ ಆ ದಾರಿಯಲ್ಲಿ ಯೋಚಿಸಿದರೆ ಸರಿಯಾದ ಉತ್ತರ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಎಲ್ಲಿ ಇಳಿಯಬೇಕು, ಎಷ್ಟು ಆಳಕ್ಕೆ ಹೋಗಬೇಕು, ಯಾವಾಗ ತಿರುಗಿ ಬರಬೇಕು ಎಂಬ ನಿರ್ಧಾರಗಳನ್ನು ಬೊನೇರ್‌ನಲ್ಲಿ ನೀವೇ ಕೈಗೊಳ್ಳುತ್ತೀರಿ. ಕೊಜುಮೆಲ್‌ನಲ್ಲಿ ಅವುಗಳಲ್ಲಿ ಬಹುಪಾಲನ್ನು ಗೈಡ್ ಮತ್ತು ಸಮುದ್ರದ ಸೆಳೆತ ಸೇರಿ ಕೈಗೊಳ್ಳುತ್ತವೆ. ಉಳಿದ ವ್ಯತ್ಯಾಸಗಳೆಲ್ಲ ಇದರ ನಂತರದವು.

ಬೊನೇರ್ ವೆನೆಜುವೆಲಾದ ಕರಾವಳಿಗೆ ಎದುರಾಗಿರುವ, ನೆದರ್‌ಲ್ಯಾಂಡ್ಸ್‌ಗೆ ಸೇರಿದ ಒಣ ದ್ವೀಪ. 2010ರಿಂದ ಅದು ಆ ದೇಶದ ವಿಶೇಷ ಪುರಸಭೆಯಾಗಿದ್ದರೂ 2011ರಿಂದ ಅಲ್ಲಿ ಚಲಾವಣೆಯಲ್ಲಿರುವುದು ಅಮೆರಿಕನ್ ಡಾಲರ್. ಈಟಿಯಿಂದ ಮೀನು ಹೊಡೆಯುವುದನ್ನು ಆ ದ್ವೀಪ 1971ರಲ್ಲೇ ನಿಷೇಧಿಸಿತು. 1979ರಲ್ಲಿ ದ್ವೀಪದ ಸುತ್ತಲಿನ ಸಮುದ್ರವನ್ನು, ಎದುರಿಗಿರುವ ಕ್ಲೈನ್ ಬೊನೇರ್ ಎಂಬ ಪುಟ್ಟ ದ್ವೀಪವನ್ನೂ ಒಳಗೊಂಡಂತೆ, ಉಬ್ಬರದ ಗೆರೆಯಿಂದ 60 ಮೀಟರ್ ಆಳದವರೆಗೆ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ದೋಣಿಗಳು ಲಂಗರು ಹಾಕುವಂತಿಲ್ಲ, ತೇಲುಬುರುಡೆಗಳಿಗೆ ಕಟ್ಟಿಕೊಳ್ಳಬೇಕು. ಆದರೆ ಬೊನೇರ್ ಹೆಸರುವಾಸಿಯಾಗಿರುವುದು ದೋಣಿಯೇ ಬೇಡದ ಡೈವಿಂಗ್‌ಗೆ. ಪಶ್ಚಿಮ ದಂಡೆಯ ರಸ್ತೆಯುದ್ದಕ್ಕೂ ಹಳದಿ ಬಣ್ಣ ಬಳಿದ ಕಲ್ಲುಗಳ ಮೇಲೆ ಡೈವ್ ತಾಣಗಳ ಹೆಸರು ಬರೆದಿರುತ್ತದೆ. ಬಾಡಿಗೆಯ ಪಿಕಪ್ ಟ್ರಕ್ಕಿನಲ್ಲಿ ಸಿಲಿಂಡರುಗಳನ್ನು ಹೇರಿಕೊಂಡು ಹೋಗಿ, ಇಷ್ಟವಾದ ಕಲ್ಲಿನ ಬಳಿ ನಿಲ್ಲಿಸಿ, ಸಲಕರಣೆ ತೊಟ್ಟು ನಡೆದೇ ನೀರಿಗಿಳಿಯಬಹುದು. ಬಹಳಷ್ಟು ಕಡೆ ಸ್ವಲ್ಪ ದೂರ ಈಜುವಷ್ಟರಲ್ಲಿ ಹವಳದ ಇಳಿಜಾರು ಆರಂಭವಾಗುತ್ತದೆ.

ಇಷ್ಟು ಕೇಳಿದವರಿಗೆ ಇದೊಂದು ಸುಲಭದ ಜಾಗವೆನಿಸುವುದು ಸಹಜ, ಮತ್ತು ನೀರಿನ ಮಟ್ಟಿಗೆ ಅದು ನಿಜವೂ ಹೌದು. ವ್ಯಾಪಾರ ಮಾರುತಗಳು ಪೂರ್ವದಿಂದ ಬೀಸುವುದರಿಂದ ಪಶ್ಚಿಮದ ದಂಡೆ ವರ್ಷದ ಬಹುಭಾಗ ಶಾಂತವಾಗಿರುತ್ತದೆ, ಸೆಳೆತವೂ ಸಾಮಾನ್ಯವಾಗಿ ಕಡಿಮೆ. ಆದರೆ ನಮ್ಮಲ್ಲಿ ಕಲಿತವರ ಅಭ್ಯಾಸವನ್ನು ನೋಡಿದರೆ ಈ ಸುಲಭದ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ. ನೇತ್ರಾಣಿಯಲ್ಲಿ ಅವರು ನೀರಿಗಿಳಿದದ್ದು ಪ್ರತಿ ಸಲವೂ ತರಬೇತುದಾರನ ಹಿಂದೆಯೇ. ದಿಕ್ಸೂಚಿ ಹಿಡಿದು ದಾರಿ ಕಂಡುಕೊಂಡದ್ದು ಪರೀಕ್ಷೆಯ ದಿನ ಮಾತ್ರ. ಬೊನೇರ್‌ನಲ್ಲಿ ಗಂಡ ಹೆಂಡತಿ ಇಬ್ಬರೇ ನೀರಿಗಿಳಿದರೆ, ದಡದ ಗುರುತನ್ನು ನೋಡಿಟ್ಟುಕೊಳ್ಳುವುದು, ಮೊದಲು ಸೆಳೆತಕ್ಕೆ ಎದುರಾಗಿ ಹೋಗುವುದು, ಹಿಂದಿರುಗುವ ಹಾದಿಗೂ ತುರ್ತಿಗೂ ಗಾಳಿ ಉಳಿಯುವಂತೆ ಲೆಕ್ಕವಿಟ್ಟು ತಿರುಗುವುದು, ಜೊತೆಗಾರರ ಸಿಲಿಂಡರಿನ ಒತ್ತಡವನ್ನು ಆಗಾಗ ಕೇಳಿ ತಿಳಿದುಕೊಳ್ಳುವುದು, ಇವೆಲ್ಲ ಅವರದೇ ಹೊಣೆ. ದಡದಿಂದ ಇಳಿಯುವುದಕ್ಕೂ ತನ್ನದೇ ಕೌಶಲ ಬೇಕು. ಸಿಲಿಂಡರ್ ಹೊತ್ತು ಚೂಪು ಸುಣ್ಣಕಲ್ಲಿನ ಮೇಲೂ ಉರುಳಾಡುವ ಹವಳದ ತುಂಡುಗಳ ಮೇಲೂ ಹೆಜ್ಜೆಯಿಡಬೇಕಾದ್ದರಿಂದ ಗಟ್ಟಿ ಅಟ್ಟೆಯ ಬೂಟು ಇಲ್ಲದೆ ಹೋಗಲೇಬಾರದು. ‘ಸಾವಿರ ಮೆಟ್ಟಿಲು’ ಎಂಬ ತಾಣದಲ್ಲಿ ನಿಜವಾಗಿ ಇರುವುದು ಎಪ್ಪತ್ತರ ಆಸುಪಾಸಿನ ಮೆಟ್ಟಿಲುಗಳೇ ಆದರೂ, ಡೈವ್ ಮುಗಿಸಿ ಸಿಲಿಂಡರ್ ಹೊತ್ತು ಮೇಲೇರುವವರಿಗೆ ಆ ಹೆಸರಿನ ಬಗ್ಗೆ ತಕರಾರಿರುವುದಿಲ್ಲ.

ಸ್ವಾತಂತ್ರ್ಯದ ಇನ್ನೊಂದು ಮುಖವೆಂದರೆ ಡೈವ್‌ಗಳ ಎಣಿಕೆಗೆ ತಡೆಯಿಲ್ಲದಿರುವುದು. ದಿನಕ್ಕೆ ಮೂರು, ನಾಲ್ಕು ಸಲ, ಸತತವಾಗಿ ಐದಾರು ದಿನ ಇಳಿದಾಗ ದೇಹದಲ್ಲಿ ಸಾರಜನಕ ಕೂಡುತ್ತಾ ಹೋಗುತ್ತದೆ; ಅದು ಮಿತಿಮೀರಿದರೆ ಮೇಲೇರುವಾಗ ಗುಳ್ಳೆಗಟ್ಟಿ ದೇಹಕ್ಕೆ ಅಪಾಯ ತರುತ್ತದೆ. ದೋಣಿಯ ವೇಳಾಪಟ್ಟಿ ಹೇರುವ ವಿರಾಮ ಇಲ್ಲಿಲ್ಲ. ಹಿಲ್ಮಾ ಹೂಕರ್ ಎಂಬ ಮುಳುಗು ಹಡಗನ್ನೇ ತೆಗೆದುಕೊಳ್ಳಿ. ಗಾಂಜಾ ಸಾಗಣೆಯಲ್ಲಿ ಸಿಕ್ಕಿಬಿದ್ದು, 1984ರಲ್ಲಿ ಮುಳುಗಿದ ಆ ಸರಕು ಹಡಗು ಸುಮಾರು 30 ಮೀಟರ್ ಆಳದ ಮರಳಿನ ಮೇಲೆ ಪಕ್ಕಕ್ಕೆ ವಾಲಿ ಮಲಗಿದೆ. ಆ ಆಳದಲ್ಲಿ ಸಾಮಾನ್ಯ ಗಾಳಿ ಉಸಿರಾಡುವವರಿಗೆ, ಬಳಕೆಯಲ್ಲಿರುವ ಕೋಷ್ಟಕದ ಪ್ರಕಾರ, ದಿನದ ಮೊದಲ ಡೈವ್‌ನಲ್ಲೂ ಸುರಕ್ಷಿತವಾಗಿ ಇರಲು ಸಿಗುವುದು 20 ನಿಮಿಷ ಮಾತ್ರ. ಅದೇ ದಿನದ ಮೂರನೆಯ ಡೈವ್ ಆಗಿದ್ದರೆ ಇನ್ನೂ ಕಡಿಮೆ. ಆದ್ದರಿಂದ ಆಳದ ಡೈವ್ ಬೆಳಿಗ್ಗೆ ಮೊದಲೇ ಆಗಬೇಕು, ಉಳಿದವು 15 ಮೀಟರಿನ ಆಸುಪಾಸಿನಲ್ಲಿ ನಡೆಯಬೇಕು. ಬೊನೇರ್‌ಗೆ ಹೋಗುವವರು ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿಯ ಮಿಶ್ರಣ) ತರಬೇತಿಯನ್ನು ಮೊದಲೇ ಮುಗಿಸಿಕೊಳ್ಳಲಿ ಎಂದು ನಾನು ಒತ್ತಾಯಿಸುವುದೂ ಈ ಕಾರಣಕ್ಕೇ. ಆಮ್ಲಜನಕ 32 ಶೇಕಡಾ ಇರುವ ಮಿಶ್ರಣ ಸಾರಜನಕದ ಹೊರೆಯನ್ನು ಇಳಿಸುತ್ತದೆ, ಆದರೆ ಅದಕ್ಕೆ ಸುಮಾರು 33 ಮೀಟರಿನ ಆಳದ ಮಿತಿ ಇದೆ ಎಂಬುದನ್ನು ಮರೆಯುವಂತಿಲ್ಲ.

ಕೊಜುಮೆಲ್‌ನ ಲೆಕ್ಕವೇ ಬೇರೆ. ಮೆಕ್ಸಿಕೋದ ಯುಕಾಟಾನ್ ಪರ್ಯಾಯ ದ್ವೀಪದಿಂದ ಸುಮಾರು 20 ಕಿಲೋಮೀಟರ್ ದೂರದ ಈ ದ್ವೀಪಕ್ಕೂ ಮುಖ್ಯ ಭೂಮಿಗೂ ನಡುವಿನ ಕಾಲುವೆಯಲ್ಲಿ ಬಲವಾದ ಪ್ರವಾಹ ಸಾಮಾನ್ಯವಾಗಿ ಉತ್ತರದ ಕಡೆಗೆ ಹರಿಯುತ್ತದೆ. ಇಲ್ಲಿನ ಡೈವಿಂಗ್ ಎಂದರೆ ಈ ಪ್ರವಾಹದ ಜೊತೆ ತೇಲುತ್ತಾ ಸಾಗುವುದೇ. ದೋಣಿ ಒಂದು ಕಡೆ ಇಳಿಸುತ್ತದೆ, ನೀವು ಗುಂಪಾಗಿ ಹವಳದ ಗೋಡೆಯುದ್ದಕ್ಕೆ ತೇಲಿಹೋಗುತ್ತೀರಿ, ದೋಣಿ ಮೇಲಿನಿಂದ ಹಿಂಬಾಲಿಸಿ ನೀವು ಎದ್ದ ಕಡೆ ಹತ್ತಿಸಿಕೊಳ್ಳುತ್ತದೆ. 1996ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಹವಳ ಪ್ರದೇಶದಲ್ಲಿ ಗೈಡ್ ಇಲ್ಲದೆ ಡೈವ್ ಮಾಡುವುದಕ್ಕೆ ಅನುಮತಿ ಇಲ್ಲ. ಪಲಾಂಕರ್‌ನಲ್ಲಿ ಹವಳದ ಕಂಬಗಳ ನಡುವೆ ನುಸುಳಿ ಹೋಗುವ ಓಣಿಗಳಿವೆ, ಸಾಂಟಾ ರೋಸಾದಲ್ಲಿ ಕಡಿದಾದ ಗೋಡೆ ಇದೆ, ಅಲ್ಲಲ್ಲಿ ಆಳೆತ್ತರದ ಸ್ಪಂಜುಗಳು ನಿಂತಿವೆ. ನೀರಿನ ಪಾರದರ್ಶಕತೆಯಂತೂ ನೇತ್ರಾಣಿಯ ಒಳ್ಳೆಯ ದಿನಗಳಲ್ಲಿ ಕಂಡದ್ದಕ್ಕಿಂತ ಬಹಳ ಹೆಚ್ಚು. ಕಲ್ಲಿನ ಅಡಿಯಲ್ಲಿ ಅಡಗಿರುವ, ಹಳದಿ ಅಂಚಿನ ರೆಕ್ಕೆಗಳೂ ಮುಖದ ತುಂಬ ಪಟ್ಟೆಗಳೂ ಇರುವ ಟೋಡ್‌ಫಿಶ್ ಈ ದ್ವೀಪದ ಗುರುತಿನ ಮೀನು. ಗೈಡ್ ತೋರಿಸದಿದ್ದರೆ ಹೊಸಬರ ಕಣ್ಣಿಗೆ ಅದು ಬೀಳುವುದು ಕಷ್ಟ.

ಇಲ್ಲಿ ದಾರಿ ಹುಡುಕುವ ಚಿಂತೆಯಿಲ್ಲ, ಆದರೆ ದೇಹದ ಮೇಲೆ ಹಿಡಿತ ಬೇಕು. ಓಡುವ ರೈಲಿನ ಕಿಟಕಿಯಿಂದ ಊರು ನೋಡಿದ ಹಾಗೆ ಹವಳ ನಿಮ್ಮ ಮುಂದೆ ಸರಿದುಹೋಗುವಾಗ ಆಳವನ್ನು ಒಂದೇ ಸಮ ಕಾಯ್ದುಕೊಳ್ಳಬೇಕು. ಹಿಡಿದು ನಿಲ್ಲಲು ಹವಳವನ್ನು ಮುಟ್ಟುವಂತಿಲ್ಲ, ಕೈಗವಸಿಗೂ ನಿಷೇಧವಿದೆ. ಗೋಡೆಯ ಅಂಚಿನಲ್ಲಿ ಕೆಲವೊಮ್ಮೆ ನೀರು ಕೆಳಮುಖವಾಗಿ ಎಳೆಯುತ್ತದೆ. ಆಗ ಗಾಬರಿಯಿಂದ ನೇರ ಮೇಲಕ್ಕೆ ಒದೆಯುವ ಬದಲು ಗೈಡ್‌ನ ಸೂಚನೆ ನೋಡಿಕೊಂಡು, ಸೆಳೆತಕ್ಕೆ ಅಡ್ಡಲಾಗಿ ಸರಿದು, ಅದರಿಂದ ಹೊರಬರುವುದು ಮೊದಲ ಕೆಲಸ. ಗುಂಪಿನಿಂದ ಬೇರೆಯಾದರೆ ದೋಣಿಯವರಿಗೆ ಕಾಣುವಂತೆ ಮೇಲಕ್ಕೆ ಬಿಡಬೇಕಾದ ಕಿತ್ತಳೆ ಬಣ್ಣದ ಗುರುತು ಕೊಳವೆಯನ್ನು ಪ್ರತಿಯೊಬ್ಬರೂ ತಮ್ಮ ಬಳಿ ಇಟ್ಟುಕೊಂಡಿರಬೇಕು, ಮತ್ತು ಅದನ್ನು ಬಿಡುವುದನ್ನು ಈಜುಕೊಳದಲ್ಲಿ ಅಭ್ಯಾಸ ಮಾಡಿರಬೇಕು. ಗುಂಪಿನಲ್ಲಿ ಒಬ್ಬರ ಗಾಳಿ ಬೇಗ ಮುಗಿದರೆ ಏನು ಮಾಡುತ್ತಾರೆ ಎಂದು ಹೊರಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು: ಕೆಲವರು ಆ ಒಬ್ಬರನ್ನು ಮೇಲೆ ಕಳುಹಿಸಿ ಉಳಿದವರೊಡನೆ ಮುಂದುವರಿಯುತ್ತಾರೆ, ಕೆಲವರು ಎಲ್ಲರನ್ನೂ ಹೊರಡಿಸುತ್ತಾರೆ.

ಹಾಗಾದರೆ ಯಾರು ಎಲ್ಲಿಗೆ ಹೋಗಬೇಕು? ಹೊಸಬರಿಗೆ ಶಾಂತ ನೀರಿನ ಬೊನೇರ್, ಪಳಗಿದವರಿಗೆ ಸೆಳೆತದ ಕೊಜುಮೆಲ್ ಎಂಬ ಮಾತು ಡೈವರುಗಳ ನಡುವೆ ಚಾಲ್ತಿಯಲ್ಲಿದೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಹತ್ತು ಹದಿನೈದು ಡೈವ್ ಆಗಿರುವ, ಯಾವತ್ತೂ ಗೈಡ್‌ನ ಹಿಂದೆಯೇ ಹೋಗಿರುವ, ಅಷ್ಟೇ ಅನುಭವದ ಜೊತೆಗಾರರಿರುವ ಒಬ್ಬರಿಗೆ ನಾನು ಹೇಳುವುದು ಕೊಜುಮೆಲ್ ಅನ್ನೇ. ಆದರೆ ಸಣ್ಣ ಗುಂಪಿನ ದೋಣಿಯನ್ನು ಆರಿಸಿ, ತಮಗೆ ಇರುವುದು 18 ಮೀಟರಿನ ಪ್ರಮಾಣಪತ್ರ ಮಾತ್ರ ಎಂದು ಮುಂಚಿತವಾಗಿ ತಿಳಿಸಿ, ಪಲಾಂಕರ್ ಗಾರ್ಡನ್ಸ್‌ನಂಥ ತಾಣಗಳಲ್ಲಿ ಆಳ ಕಡಿಮೆ ಇರುವ ಭಾಗಕ್ಕೇ ಸೀಮಿತವಾಗಿರಬೇಕು. ದ್ವೀಪದ ದಕ್ಷಿಣ ತುದಿಯಲ್ಲಿ, 30 ಮೀಟರಿಗೂ ಹೆಚ್ಚಿನ ಆಳದಲ್ಲಿ ಹೊರಬೀಳುವ ‘ಸೈತಾನನ ಗಂಟಲು’ ಎಂಬ ಸುರಂಗಕ್ಕೆ ಯಾರಾದರೂ ಕರೆದರೆ ಬೇಡವೆನ್ನಲು ನಾಚಿಕೊಳ್ಳಬಾರದು. ಬೊನೇರ್ ಅನ್ನು ನಾನು ಸೂಚಿಸುವುದು ಸ್ವಂತವಾಗಿ ಯೋಜಿಸಿ ಇಳಿಯಬಲ್ಲ ಜೋಡಿಗಳಿಗೆ, ಮತ್ತು ಕ್ಯಾಮೆರಾ ಹಿಡಿದು ಒಂದೇ ಕಲ್ಲಿನ ಮುಂದೆ ಅರ್ಧ ಗಂಟೆ ಕಾಯುವ ಸ್ವಭಾವದವರಿಗೆ. ಕಡಲಕುದುರೆ, ಫ್ರಾಗ್‌ಫಿಶ್‌ನಂಥ ಕುಳಿತಲ್ಲೇ ಕುಳಿತಿರುವ ಜೀವಿಗಳನ್ನು ಸೆಳೆತದಲ್ಲಿ ತೇಲುತ್ತಾ ಚಿತ್ರಿಸುವುದು ಆಗದ ಮಾತು. ಹೊಸಬರಿಗೆ ಬೊನೇರೇ ಬೇಕೆಂದಿದ್ದರೆ ಮೊದಲ ಎರಡು ದಿನ ಗೈಡ್‌ಗೆ ಹಣ ಕೊಟ್ಟು ಜೊತೆಗೆ ಕರೆದುಕೊಳ್ಳಲಿ. ಬಂದವರೆಲ್ಲರೂ ಮಾಡಲೇಬೇಕಾದ ಆರಂಭದ ಪರಿಚಯ ಡೈವ್ ಒಂದೇ ಇದಕ್ಕೆ ಸಾಲದು.

ಹವಾಮಾನದ ವಿಷಯದಲ್ಲಿ ಬೊನೇರ್ ಮುಂದಿದೆ. ಅದು ಉತ್ತರ ಅಕ್ಷಾಂಶ 12 ಡಿಗ್ರಿಯ ಆಸುಪಾಸಿನಲ್ಲಿ, ಚಂಡಮಾರುತಗಳು ಸಾಮಾನ್ಯವಾಗಿ ಸಾಗುವ ಹಾದಿಯಿಂದ ದಕ್ಷಿಣಕ್ಕಿದೆ. ಪೂರ್ತಿ ನಿರ್ಭಯವೇನಲ್ಲ, 1999ರಲ್ಲಿ ಲೆನ್ನಿ ಚಂಡಮಾರುತ ದೂರದಲ್ಲೇ ಇದ್ದರೂ ಪಶ್ಚಿಮದಿಂದ ಬಂದ ಅದರ ಅಲೆಗಳು ಕಡಿಮೆ ಆಳದ ಹವಳವನ್ನು ಪುಡಿಮಾಡಿದ್ದವು. ಕೊಜುಮೆಲ್ ಮಾತ್ರ ನೇರ ಹಾದಿಯಲ್ಲೇ ಇದೆ: 1988ರಲ್ಲಿ ಗಿಲ್ಬರ್ಟ್, 2005ರ ಅಕ್ಟೋಬರ್‌ನಲ್ಲಿ ವಿಲ್ಮಾ ಅದರ ಮೇಲೆಯೇ ಹಾದುಹೋದವು. ಆದ್ದರಿಂದ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ರಜೆ ಸಿಗುವವರಿಗೆ ಬೊನೇರ್ ವಾಸಿ. ಚಳಿಗಾಲದಲ್ಲಿ ಕೊಜುಮೆಲ್‌ಗೆ ಹೋಗುವವರು, ಉತ್ತರದ ಗಾಳಿ ಎದ್ದಾಗ ಬಂದರಿನ ಅಧಿಕಾರಿಗಳು ದೋಣಿಗಳನ್ನು ತಡೆಯುವುದುಂಟಾದ್ದರಿಂದ, ಒಂದೆರಡು ದಿನ ಡೈವ್ ತಪ್ಪಬಹುದೆಂದು ಮನಸ್ಸಿಗೆ ತಂದುಕೊಂಡೇ ಹೋಗಬೇಕು. ಚುಕ್ಕಿಯ ಈಗಲ್ ರೇಗಳು ಹೆಚ್ಚಾಗಿ ಕಾಣಸಿಗುವುದು ಅದೇ ತಿಂಗಳುಗಳಲ್ಲಿ ಎಂಬುದು ಸಮಾಧಾನದ ಸಂಗತಿ.

ನೆಲದ ಮೇಲಿನ ಸಂಗತಿಗಳನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೊನೇರ್ ಡಚ್ಚರ ನೆಲವಾದರೂ ಷೆಂಗೆನ್ ವಲಯಕ್ಕೆ ಸೇರಿಲ್ಲ. ಭಾರತೀಯ ಪಾಸ್‌ಪೋರ್ಟ್ ಇರುವವರು ಅದರ ಪ್ರತ್ಯೇಕ ವೀಸಾ ನಿಯಮವನ್ನು ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಬೇಕು. ಮೆಕ್ಸಿಕೋ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಉಳ್ಳವರನ್ನು ತನ್ನ ವೀಸಾ ಕೇಳದೆ ಒಳಬಿಡುತ್ತದೆ. ಸಸ್ಯಾಹಾರಿಗಳು ಕೊಜುಮೆಲ್‌ನಲ್ಲಿ ಬೀನ್ಸ್ ತಿನ್ನುವ ಮುನ್ನ ಅದನ್ನು ಹಂದಿಯ ಕೊಬ್ಬಿನಲ್ಲಿ ಹುರಿದಿದ್ದಾರೆಯೇ ಎಂದು ಕೇಳಬೇಕು, ಏಕೆಂದರೆ ಅದು ಅಲ್ಲಿನ ರೂಢಿ. ಬೊನೇರ್‌ನಲ್ಲಿ ಅಡುಗೆಮನೆ ಇರುವ ವಸತಿ ಹಿಡಿದು ತಾವೇ ಬೇಯಿಸಿಕೊಳ್ಳುವುದು ಲೇಸು. ಬೊನೇರ್‌ನ ರಸ್ತೆಗಳಲ್ಲಿ ಒಂದು ಟ್ರಾಫಿಕ್ ಸಿಗ್ನಲ್ಲೂ ಇಲ್ಲ, ಕತ್ತೆಗಳು ಮಾತ್ರ ಧಾರಾಳವಾಗಿವೆ. ನೀರಿಗಿಳಿಯುವಾಗ ಟ್ರಕ್ಕಿನಲ್ಲಿ ಬೆಲೆಬಾಳುವ ಯಾವುದನ್ನೂ ಬಿಡಬಾರದು. ಡೈವ್ ಮಾಡದ ಪತಿ, ಪತ್ನಿ ಅಥವಾ ಮಕ್ಕಳು ಜೊತೆಗಿದ್ದರೆ, ಹಡಗು ಪ್ರವಾಸಿಗರ ಗದ್ದಲವನ್ನು ಸಹಿಸಿಕೊಂಡಾದರೂ, ಕೊಜುಮೆಲ್‌ನಲ್ಲಿ ಅವರ ದಿನ ಚೆನ್ನಾಗಿ ಕಳೆಯುತ್ತದೆ.

ಎರಡೂ ಕಡೆ ಈಗ ಹವಳಕ್ಕೆ ಕಾಯಿಲೆ ತಗುಲಿದೆ ಎಂಬುದನ್ನು ಹೋಗುವವರು ತಿಳಿದಿರಬೇಕು. 2014ರಲ್ಲಿ ಫ್ಲೋರಿಡಾದಲ್ಲಿ ಮೊದಲು ಕಂಡ, ಗಟ್ಟಿ ಹವಳಗಳ ಜೀವಂತ ಪದರವನ್ನು ವಾರಗಳಲ್ಲಿ ಕಳಚಿಹಾಕುವ ರೋಗ 2018ರಲ್ಲಿ ಮೆಕ್ಸಿಕೋದ ಕೆರಿಬಿಯನ್ ಕರಾವಳಿಗೂ 2023ರಲ್ಲಿ ಬೊನೇರ್‌ಗೂ ತಲುಪಿತು. ಹಳೆಯ ಚಿತ್ರಗಳಲ್ಲಿ ಕಂಡ ಮಿದುಳು ಹವಳಗಳು ಇಂದು ಹಲವು ಕಡೆ ಸತ್ತು ಪಾಚಿ ಕಟ್ಟಿವೆ. ಸ್ಪಂಜು, ಮೀನು, ಆಮೆಗಳ ಬಾಹುಳ್ಯ ಉಳಿದಿದೆ. ಒದ್ದೆ ಸಲಕರಣೆಯ ಮೂಲಕವೂ ಸೋಂಕು ಸಾಗಬಹುದೆಂಬ ಆತಂಕವಿರುವುದರಿಂದ, ಒಂದೇ ರಜೆಯಲ್ಲಿ ಬೇರೆ ಬೇರೆ ತಾಣಗಳಿಗೆ ಹೋಗುವವರು ಜಾಕೆಟ್, ಬೂಟು, ರೆಗ್ಯುಲೇಟರ್‌ಗಳನ್ನು ಸ್ಥಳೀಯರು ಹೇಳಿಕೊಡುವ ಸೋಂಕುನಿವಾರಕದಲ್ಲಿ ತೊಳೆದು ಒಣಗಿಸಬೇಕು. ಸತತ ದಿನಗಳ ಡೈವಿಂಗ್ ನಂತರ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕೆಂಬ ನಿಯಮವಿದ್ದು, ಹಿಂದಿರುಗುವ ವಿಮಾನ ಬೆಳಿಗ್ಗೆಯದಾಗಿದ್ದರೆ ಹಿಂದಿನ ದಿನ ಬೆಳಿಗ್ಗೆಯೇ ಕೊನೆಯ ಡೈವ್ ಮುಗಿಸಿಬಿಡಬೇಕಾಗುತ್ತದೆ. ಸಲಕರಣೆ ಒಣಗಲು ಬೇಕಾದ ಸಮಯವೂ ಆಗಲೇ ಸಿಗುತ್ತದೆ.